ಹೊಸ ಕಾರಿನ ಕಂತೋ, ಹಳೆ ಕಾರಿನ ಗ್ಯಾರೇಜೋ?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅಂದಿನಿಂದ ಪಿ.ಬಿ. ರಸ್ತೆಯ ಶೋರೂಮುಗಳಿಂದ ಹೂವಿನ ಹಾರ ಹಾಕಿಸಿಕೊಂಡು ಹೊರಬೀಳುವ ಕಾರುಗಳನ್ನು ನಾವು ನೋಡುತ್ತಲೇ ಇದ್ದೇವೆ. ಅವುಗಳಲ್ಲಿ ಕುಳಿತವರ ಪೈಕಿ ಮಿಲ್ಲಿನ ಸಂಗಾತಿಗಳೂ ಮಂಡಿಪೇಟೆಯ ಚಿಲ್ಲರೆ ವ್ಯಾಪಾರಿಗಳೂ ಇದ್ದಾರೆ. "ಸಾಲ ಎತ್ತಿ ಹೊಸದು ತಗೊಳ್ಳೋದೋ, ಕೈಯಾಗಿರೋ ದುಡ್ಡಿಗೆ ಹಳೇದು ತಗೊಳ್ಳೋದೋ, ನೀವೇ ಹೇಳಿ" ಎಂದು ಸಂಘದ ಕಚೇರಿಗೆ ಬಂದು ಕೇಳುವವರು ವಾರಕ್ಕೆ ಇಬ್ಬರು ಮೂವರಾದರೂ ಉಂಟು. ಬೋನಸ್ಸಿನ ಕಾಲ ಬಂತೆಂದರೆ ಇನ್ನೂ ಹೆಚ್ಚು.

ಸಮಾಜವಾದಿ ಪತ್ರಿಕೆಗೆ ಕಾರಿನ ಮಾತೇಕೆ ಎಂದು ಮೂಗು ಮುರಿಯುವ ಸ್ನೇಹಿತರೂ ನಮ್ಮಲ್ಲಿ ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ. ರಾತ್ರಿ ಪಾಳಿ ಮುಗಿಸಿ ಹದಿನೈದು ಮೈಲಿ ದೂರದ ಹಳ್ಳಿಗೆ ಹೋಗಬೇಕಾದವನಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ. ಮನೆಯಲ್ಲಿ ಹೆರಿಗೆ ನೋವು ಬಂದರೆ ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಬಸ್ಸು ಎಲ್ಲರ ಹಕ್ಕು ಎಂದು ನಾವು ಹೇಳುತ್ತಲೇ ಬಂದಿದ್ದೇವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತಾಗ ಮನಸಾರೆ ಸ್ವಾಗತಿಸಿದೆವು. ಆದರೆ ಬಸ್ಸು ಬರುವ ತನಕ ಹೆರಿಗೆ ನೋವು ಕಾಯುವುದಿಲ್ಲ. ಕಾರು ಬೇಕೆನ್ನುವವನನ್ನು ಶೋಕಿಯವನೆಂದು ಜರೆಯುವುದು ನಮಗೆ ಒಪ್ಪಿಗೆಯಲ್ಲ. 1963ರಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು ಬಡವನ ದಿನದ ಮೂರಾಣೆಯ ಲೆಕ್ಕವನ್ನು ಮುಂದಿಟ್ಟು ಸರ್ಕಾರವನ್ನು ನಿಲ್ಲಿಸಿ ಕೇಳಿದರು. ಅವರ ಹಾದಿಯವರು ಮನೆಯ ಖರ್ಚಿನ ಲೆಕ್ಕಕ್ಕೆ ಹಿಂಜರಿಯಬೇಕಾದದ್ದಿಲ್ಲ. ಲೆಕ್ಕ ಮಾಡೋಣ.

ಶೋರೂಮಿನ ಬೆಲೆ 6 ಲಕ್ಷ ರೂಪಾಯಿ ಇರುವ ಒಂದು ಸಣ್ಣ ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಆಜೀವ ತೆರಿಗೆ ಶೇಕಡಾ 14. ಇದೇ 84,000 ರೂಪಾಯಿ. ಅದರ ಮೇಲೆ ಸೆಸ್ಸು ಬೇರೆ. ವಿಮೆ, ನೋಂದಣಿ, ಶೋರೂಮಿನವರು ಹಚ್ಚುವ ಅದೂ ಇದೂ ಸೇರಿ ರಸ್ತೆಗಿಳಿಯುವ ಹೊತ್ತಿಗೆ ಏಳೂಕಾಲು ಲಕ್ಷದ ಆಸುಪಾಸು ಆಯಿತೆಂದು ತಿಳಿಯಿರಿ. ಸಂಗಾತಿಯ ಕೈಯಲ್ಲಿರುವುದು 1,25,000. ಉಳಿದ 6 ಲಕ್ಷಕ್ಕೆ ಶೇಕಡಾ 9.5ರ ಬಡ್ಡಿಯಲ್ಲಿ ಏಳು ವರ್ಷದ ಸಾಲ. ತಿಂಗಳ ಕಂತು 9,806 ರೂಪಾಯಿ. ಏಳು ವರ್ಷದಲ್ಲಿ ಕಟ್ಟುವುದು 8,23,700 ರೂಪಾಯಿ; ಅದರಲ್ಲಿ ಬಡ್ಡಿಯೇ 2,23,700. ಐದೇ ವರ್ಷಕ್ಕೆ ತೀರಿಸುತ್ತೇನೆಂದರೆ ಬಡ್ಡಿ 1,56,000ಕ್ಕೆ ಇಳಿಯುತ್ತದೆ, ಆದರೆ ಕಂತು 12,600ಕ್ಕೆ ಏರುತ್ತದೆ. ಆದ್ದರಿಂದಲೇ ಶೋರೂಮಿನ ಹುಡುಗ "ಏಳು ವರ್ಷ ಹಾಕ್ಸಿ ಸಾರ್, ಹಗುರ ಆಗುತ್ತೆ" ಎನ್ನುವುದು. ಅವನ ತಪ್ಪೇನಿಲ್ಲ, ಅವನಿಗೂ ತಿಂಗಳಿಗೆ ಇಷ್ಟು ಕಾರು ಮಾರಬೇಕೆಂಬ ಗುರಿ ಕೊಟ್ಟು ಬೆನ್ನ ಹಿಂದೆ ನಿಂತವರಿದ್ದಾರೆ.

ಇನ್ನು ಆ ಕಾರಿನ ಬೆಲೆ ಏನಾಗುತ್ತದೆ ನೋಡಿ. ವಿಮಾ ಕಂಪನಿಗಳು ಒಂದು ಪಟ್ಟಿ ಇಟ್ಟುಕೊಂಡಿವೆ. ಆರು ತಿಂಗಳ ಒಳಗೆ ಗಾಡಿಯ ಬೆಲೆಯಲ್ಲಿ ನೂರಕ್ಕೆ 5 ಕಳೆ, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ಮೂರು ಮೀರಿದರೆ 40, ನಾಲ್ಕು ಮೀರಿದರೆ 50. ಕಾರು ಕಳುವಾದರೆ, ನಜ್ಜುಗುಜ್ಜಾದರೆ ವಿಮೆಯವರು ಕೊಡುವ ಹಣ ಈ ಪಟ್ಟಿಯ ಪ್ರಕಾರವೇ. ಅದೂ ಶೋರೂಮಿನ ಬೆಲೆಯ ಮೇಲೆ. ಕಟ್ಟಿದ ಆಜೀವ ತೆರಿಗೆ ಸಾಮಾನ್ಯ ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಉದಾಹರಣೆಯ ಕಾರು ಮೂರು ವರ್ಷ ದಾಟಿದಾಗ ಪಟ್ಟಿಯ ಪ್ರಕಾರ ಅದರ ಬೆಲೆ 3,60,000. ಅದೇ ದಿನ ಏಳು ವರ್ಷದ ಸಾಲದಲ್ಲಿ ಬಾಕಿ ಉಳಿದ ಅಸಲು 3,90,000. ಮೂವತ್ತಾರು ಕಂತು, ಅಂದರೆ ಮೂರೂವರೆ ಲಕ್ಷಕ್ಕೂ ಮೇಲೆ ಕಟ್ಟಿದ ಮೇಲೂ ಕಾರನ್ನು ಮಾರಿ ಸಾಲ ತೀರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ; ಮೇಲೆ 30,000 ಕೈಯಿಂದ ಹಾಕಬೇಕು! ಮುಂಗಡ ಕೊಟ್ಟ 1,25,000ದ ಸುದ್ದಿಯನ್ನು ಇಲ್ಲಿ ಎತ್ತಿಯೇ ಇಲ್ಲ.

ಇದೇ ಮನುಷ್ಯ ಕಾರಿನ ಆಸೆಯನ್ನು ಹದಿನೈದು ತಿಂಗಳು ಮುಂದೂಡಿ, ಕಂತಿಗೆ ಕಟ್ಟಬೇಕಾದ ಹಣವನ್ನೇ ತಿಂಗಳು ತಿಂಗಳು ಸೊಸೈಟಿಯಲ್ಲಿ ಇಟ್ಟನೆನ್ನಿ. 1,47,000 ಆಯಿತು. ಕೈಯಲ್ಲಿದ್ದದ್ದು ಸೇರಿ 2,72,000. ಆರೇಳು ವರ್ಷ ಓಡಿದ, ಒಬ್ಬನೇ ಮಾಲೀಕನ ಕೈಯಲ್ಲಿದ್ದ, ಅದೇ ವರ್ಗದ ಸಣ್ಣ ಕಾರಿಗೆ ಇದು ಸಾಕಾಗುವ ಮೊತ್ತ. ಆಜೀವ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿಯಾಗಿದೆ. ಗಾಡಿ ನಮ್ಮ ರಾಜ್ಯದ್ದೇ ಆದರೆ ಎರಡನೆಯವನು ಮತ್ತೆ ಕಟ್ಟಬೇಕಾಗಿಲ್ಲ. ಬೆಲೆ ಇಳಿಯುವ ದೊಡ್ಡ ಪೆಟ್ಟನ್ನೂ ಮೊದಲಿನವನೇ ತಿಂದಿದ್ದಾನೆ. ಇನ್ನು ಮುಂದೆ ತಿಂಗಳಿಗೆ 3,000 ರೂಪಾಯಿಯನ್ನು ಗ್ಯಾರೇಜಿನ ಪಾಲೆಂದು ಬೇರೆ ತೆಗೆದಿಟ್ಟರೂ ವರ್ಷಕ್ಕೆ 36,000 ಆಯಿತು. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು ಎಲ್ಲಕ್ಕೂ ವರ್ಷ ವರ್ಷ ಅಷ್ಟು ಬೇಕಾಗುವುದಿಲ್ಲ. ಒಂದು ವರ್ಷ ಉಳಿದದ್ದು ಇನ್ನೊಂದು ವರ್ಷಕ್ಕೆ ಆದೀತು. ಕಂತಿನ ಹಣದಲ್ಲಿ ಉಳಿದ 6,800 ರೂಪಾಯಿ ಮಗಳ ಕಾಲೇಜಿಗೆ.

ಹಳೆಯ ಕಾರು ದಾರಿಯಲ್ಲಿ ನಿಂತುಬಿಡುತ್ತದೆ, ನಿಜ. ಮದುವೆಗೆ ಹೊರಟವರು ಹರಿಹರದ ಸೇತುವೆಯ ಮೇಲೆ ಕಾರು ತಳ್ಳಿದ ಕಥೆಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ. ಆದರೆ ಗ್ಯಾರೇಜಿನ ಖರ್ಚಿಗೂ ಕಂತಿಗೂ ಒಂದು ವ್ಯತ್ಯಾಸ ಉಂಟು. ನಮ್ಮ ಮಾತಿನ ತಿರುಳೇ ಇದು. ಕೆಟ್ಟ ತಿಂಗಳಲ್ಲಿ ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಸಂಬಳ ಬಂದಾಗ ಮಾಡಿಸೋಣ ಎನ್ನಬಹುದು. ಮೇಸ್ತ್ರಿ ಗುರುತಿನವನಾದರೆ ಅರ್ಧ ಈಗ, ಅರ್ಧ ಆಮೇಲೆ ಎಂದು ಒಪ್ಪಿಸಬಹುದು. ಕಂತಿಗೆ ಈ ಮಾತು ನಡೆಯದು. ಐದನೇ ತಾರೀಖು ಬಂದರೆ ಬ್ಯಾಂಕಿನ ಖಾತೆಯಿಂದ ಹಣ ತಾನಾಗಿ ಹೋಗುತ್ತದೆ. ಹೋಗಲು ಹಣವಿಲ್ಲದಿದ್ದರೆ ನಿಮ್ಮ ಬ್ಯಾಂಕಿನವರೂ ದಂಡ ಹಾಕುತ್ತಾರೆ, ಸಾಲ ಕೊಟ್ಟವರೂ ದಂಡ ಹಾಕುತ್ತಾರೆ.

ಗೇಟಿನ ಮುಂದೆ ಕೂತು ಕೂಲಿಗಾಗಿ ಹೋರಾಡಿದವರಿಗೆ ನಾವು ಏನು ಹೇಳುತ್ತಿದ್ದೇವೆಂದು ಅರ್ಥವಾಗುತ್ತದೆ. ಮುಷ್ಕರದ ಮೊದಲ ವಾರ ಎಲ್ಲರೂ ಒಂದೇ. ಎರಡನೆಯ ವಾರ ಯಾರ ಮನೆಗೆ ಕಂತಿನ ಫೋನು ಬರುತ್ತದೋ ಅವನ ದನಿ ಸಣ್ಣದಾಗುತ್ತದೆ. ಮೂರನೆಯ ವಾರ ಅವನ ಹೆಂಡತಿ, "ಒಳಗೆ ಹೋಗಿಬಿಡ್ರೀ" ಎನ್ನುತ್ತಾಳೆ. ಅವಳನ್ನು ದೂರುವುದು ಹೇಗೆ? ಮಾಲೀಕನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಸಾಲದ ಅರ್ಜಿಗೆ ಸಂಬಳದ ಚೀಟಿ ಕೊಡುವುದು ಅವನ ಕಚೇರಿಯೇ. ಯಾರ ಕತ್ತಿನಲ್ಲಿ ಎಷ್ಟು ಸಾಲವಿದೆ ಎಂಬುದು ಅಲ್ಲಿ ತಿಳಿಯದೆ ಇರುವುದಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುನ್ನೂರಕ್ಕಿಂತ ಕಡಮೆ ಜನ ದುಡಿಯುವ ಕಾರ್ಖಾನೆಯನ್ನು ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕಿಲ್ಲ. ಹಿಂದೆ ಕೇಂದ್ರ ಕಾಯಿದೆಯಲ್ಲಿ ಈ ಮಿತಿ ನೂರು ಇತ್ತು. ಈ ಊರಿನ ಹತ್ತಿ ಮಿಲ್ಲುಗಳು ಒಂದರ ಹಿಂದೊಂದು ಬಾಗಿಲು ಹಾಕಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳು ತಿಂಗಳ ಭರವಸೆಯಿಲ್ಲದ ನೌಕರಿಯ ಮೇಲೆ ಏಳು ವರ್ಷದ ಕರಾರಿಗೆ ಸಹಿ ಹಾಕುವುದೆಂದರೇನು?

ವ್ಯಾಪಾರಿಯ ಕಷ್ಟ ಬೇರೆ ಬಗೆಯದು. ಅವನಿಗೆ ಮಾಲೀಕನಿಲ್ಲ, ಆದರೆ ಹಂಗಾಮು ಉಂಟು. ಮಳೆ ಕೈಕೊಟ್ಟ ವರ್ಷ ಹಳ್ಳಿಯ ಗಿರಾಕಿ ಉದ್ದರಿ ಹೇಳುತ್ತಾನೆ. ಸಗಟು ವ್ಯಾಪಾರಿ ಮಾತ್ರ ನಗದು ಕೇಳುತ್ತಾನೆ. ಅಂಥ ತಿಂಗಳು ಕಾರಿನ ಕಂತು ತಪ್ಪಬಾರದೆಂದು ಮೀಟರ್ ಬಡ್ಡಿಯವನ ಹತ್ತಿರ ಹೋದವರನ್ನು ನಾವು ಬಲ್ಲೆವು. ಒಂಬತ್ತೂವರೆಯ ಸಾಲ ತೀರಿಸಲು ಅದರ ಎಷ್ಟೋ ಪಟ್ಟು ಬಡ್ಡಿಯ ಸಾಲ. ಅಂಗಡಿಯ ಬಂಡವಾಳವೇ ಕರಗಿ ಕಾರೊಂದು ಉಳಿದರೆ ಅದನ್ನು ಹತ್ತಿ ಹೋಗುವುದಾದರೂ ಎಲ್ಲಿಗೆ?

ಒಂದು ಮಾತನ್ನು ಮಾತ್ರ ಬೇರ್ಪಡಿಸಿ ಹೇಳಬೇಕು. ದುಡಿಯುವ ಗಾಡಿಯ ಲೆಕ್ಕ ಬೇರೆ. ತರಕಾರಿ, ಮಂಡಕ್ಕಿ, ಸಿಮೆಂಟು ಸಾಗಿಸುವ ಸಣ್ಣ ಗೂಡ್ಸ್ ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆಯೂ ಹೋಯಿತು, ನಂಬಿದ ಗಿರಾಕಿಯೂ ಹೋದ. ಅಂಥವನಿಗೆ ಬ್ಯಾಂಕಿನ ಸಾಲದಲ್ಲಿ ಹೊಸ ಗಾಡಿ ಸರಿಯಾಗಿಯೇ ಇರಬಹುದು. ಡೀಸೆಲ್, ವಿಮೆ, ಡ್ರೈವರನ ಕೂಲಿ, ವರ್ಷದಲ್ಲಿ ಎರಡು ತಿಂಗಳ ಮಂದಿ ವ್ಯಾಪಾರ, ಇಷ್ಟನ್ನೂ ಕಳೆದ ಮೇಲೆ ಗಾಡಿಯ ದುಡಿಮೆಯೇ ಕಂತನ್ನು ಕಟ್ಟುವಂತಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಲಿ. ಭಾನುವಾರ ಕುಟುಂಬವನ್ನು ಕರೆದೊಯ್ಯುವ ಕಾರು ದುಡಿಯುವುದಿಲ್ಲ, ತಿನ್ನುತ್ತದೆ.

ಈಗ ಬಡ್ಡಿಯ ವಂಚನೆಗೆ ಬರೋಣ. ಹಳೆಯ ಗಾಡಿಗೆ, ಬೈಕಿಗೆ ಸಾಲ ಕೊಡುವ ಫೈನಾನ್ಸಿನವರಲ್ಲಿ ಕೆಲವರು, "ಬರೇ ಹತ್ತು ಪರ್ಸೆಂಟು, ಫ್ಲಾಟು" ಎನ್ನುತ್ತಾರೆ. ಒಂದು ಲಕ್ಷ, ಮೂರು ವರ್ಷ, ಹತ್ತು ಪರ್ಸೆಂಟು ಫ್ಲಾಟು. ಮೂರು ವರ್ಷದ ಬಡ್ಡಿ 30,000 ಎಂದು ಮೊದಲೇ ಕೂಡಿಸಿ, 1,30,000ವನ್ನು 36ರಿಂದ ಭಾಗಿಸಿ 3,611 ರೂಪಾಯಿ ಕಂತು ಎನ್ನುತ್ತಾರೆ. ತಿಂಗಳು ತಿಂಗಳು ಅಸಲು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ! ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಕಂತು ಶೇಕಡಾ 18ರ ಬಡ್ಡಿಗೆ ಸಮ. ಹತ್ತು ಅಂದದ್ದು ಹದಿನೆಂಟು. ಏಳನೆಯ ಇಯತ್ತೆಯ ಹುಡುಗನಿಗೆ ಸರಳ ಬಡ್ಡಿ ಕಲಿಸುವಾಗ ಇಂಥ ಲೆಕ್ಕ ಕೊಟ್ಟರೆ ಅವನೇ ತಪ್ಪು ಹಿಡಿಯುತ್ತಾನೆ. ಗಾಬರಿಯಲ್ಲಿ ಸಹಿ ಹಾಕುವ ದೊಡ್ಡವರಿಗೆ ಹಿಡಿಯಲಾಗುವುದಿಲ್ಲ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದು ಜಾರಿಯಲ್ಲಿದೆ. ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ಸಾಲಕ್ಕೆ ಸಹಿ ಹಾಕಿಸುವ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಕಾಗದವನ್ನು ಕೊಡಬೇಕು. ಎಲ್ಲ ಖರ್ಚೂ ಸೇರಿ ವರ್ಷದ ನಿಜವಾದ ದರ ಎಷ್ಟು ಎಂಬುದು ಅದರಲ್ಲಿರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೊಡದಿದ್ದರೆ ಕುರ್ಚಿ ಬಿಟ್ಟು ಎದ್ದು ಬನ್ನಿ.

ಇನ್ನೊಂದು ಅನ್ಯಾಯವಿದೆ. ಹೊಸ ಕಾರಿಗೆ ಕಡಮೆ ಬಡ್ಡಿ, ಹಳೆಯ ಕಾರಿಗೆ ಹೆಚ್ಚು ಬಡ್ಡಿ. ಇದು ಬ್ಯಾಂಕುಗಳ ಸಾಮಾನ್ಯ ಪದ್ಧತಿ. ಹಳೆಯ ಗಾಡಿಯ ಅಡಮಾನಕ್ಕೆ ಭದ್ರತೆ ಸಾಲದು ಎಂಬುದು ಅವರು ಕೊಡುವ ಕಾರಣ. ಮೂರು ವರ್ಷದಲ್ಲಿ ಸಾಲಕ್ಕಿಂತ ಕೆಳಗಿಳಿಯುವ ಹೊಸ ಕಾರಿಗೆ ಇದೇ ಭದ್ರತೆಯ ಮಾತು ಯಾಕಿಲ್ಲವೋ ನಮಗೆ ತಿಳಿಯದು. ಹೆಚ್ಚು ಸಾಲ ಮಾಡುವವನಿಗೆ ರಿಯಾಯತಿ, ಕೈಯಳತೆಯಲ್ಲಿ ಕೊಳ್ಳುವವನಿಗೆ ದಂಡ ಎಂದೇ ಇದರ ಅರ್ಥ. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದು ಯಾರ ಹೆಸರಿನಲ್ಲಿ ಎಂಬುದನ್ನು ಆ ಕುರ್ಚಿಗಳಲ್ಲಿ ಕೂತವರು ಮರೆತಿದ್ದಾರೆ.

ಕಂತಿನವನ ರಕ್ಷಣೆಗೆ ಕಾನೂನು ಇರಲಿಲ್ಲವೆ? ಇತ್ತು; ಅದೊಂದು ಕಥೆಯೇ. ಅಂಬಾಸಡರ್, ಫಿಯಟ್ ಕಾರುಗಳಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, 1972ರಲ್ಲಿ, ಸಂಸತ್ತು ಹೈರ್ ಪರ್ಚೇಸ್ ಕಾಯಿದೆಯನ್ನು ಅಂಗೀಕರಿಸಿತು. ಬೆಲೆಯ ಇಂತಿಷ್ಟು ಭಾಗ ಕಟ್ಟಿದವನಿಂದ ಕೋರ್ಟಿನ ಆಜ್ಞೆಯಿಲ್ಲದೆ ಸಾಮಾನನ್ನು ಕಿತ್ತುಕೊಳ್ಳಕೂಡದು ಎಂಬ ನಿಯಮ ಅದರಲ್ಲಿತ್ತು. ಆ ಕಾಯಿದೆ ಒಂದು ದಿನವೂ ಜಾರಿಗೆ ಬರಲಿಲ್ಲ. ಮೂರು ದಶಕ ಪುಸ್ತಕದಲ್ಲಿ ಮಲಗಿದ್ದು 2005ರಲ್ಲಿ ರದ್ದಾಯಿತು. ಸಾಲದ ಗಾಡಿಯನ್ನು ಗೂಂಡಾಗಳ ಕೈಯಿಂದ ಎಳೆಸಿಕೊಂಡು ಹೋಗಬಾರದು, ಕಾನೂನಿನ ಮಾರ್ಗದಲ್ಲೇ ವಸೂಲಿ ಮಾಡಬೇಕು ಎಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಬೇಕಾಗಿ ಬಂತು. ಆದರೂ ನಡುರಸ್ತೆಯಲ್ಲಿ ಕೀಲಿ ಕಸಿಯುವುದು ನಿಂತಿಲ್ಲ. ಗಾಡಿ ಹೋದ ಮೇಲೂ ಸಾಲ ಹೋಗುವುದಿಲ್ಲ. ಹರಾಜಿನಲ್ಲಿ ಬಂದದ್ದು ಸಾಲದೆ ಹೋದರೆ ಉಳಿದದ್ದಕ್ಕೆ ಮತ್ತೆ ನೋಟೀಸು.

ಹಳೆಯದನ್ನು ಕೊಳ್ಳುವವರು ಕಣ್ಣು ಬಿಟ್ಟುಕೊಂಡು ಕೊಳ್ಳಬೇಕು. ನಿಮ್ಮ ನಂಬಿಕೆಯ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ದಲ್ಲಾಳಿ ತೋರಿಸಿದ ಮೇಸ್ತ್ರಿ ಬೇಡ. ತಣ್ಣಗಿರುವಾಗ ಇಂಜಿನ್ ಶುರು ಮಾಡಿಸಿ ಹೊಗೆ ನೋಡಿ. ಆರ್.ಸಿ.ಯಲ್ಲಿ ಬ್ಯಾಂಕಿನ ಅಡಮಾನ ನಮೂದಾಗಿದ್ದರೆ ಸಾಲ ತೀರಿದ ಪತ್ರವೂ ಅದನ್ನು ತೆಗೆಸುವ 35ನೆಯ ನಮೂನೆಯೂ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ದಂಡದ ಚಲನುಗಳು ಬಾಕಿ ಇವೆಯೋ ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು. ದಿಲ್ಲಿಯ ಕಾರು ಅಗ್ಗ ಎಂದು ಬೀಳಬೇಡಿ. ಅಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅವು ಇತ್ತ ಹರಿದು ಬಂದವು. ಇಲ್ಲಿ ನೋಂದಾಯಿಸಲು ಗಾಡಿಯ ವಯಸ್ಸಿಗೆ ತಕ್ಕ ಆಜೀವ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಹದಿನೈದು ವರ್ಷಕ್ಕೆ ಹತ್ತಿರವಾದ ಕಾರೂ ಬೇಡ. ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿದೆ.

ಮಾರುವವರಿಗೂ ಒಂದು ಮಾತು. ಹಣ ಎಣಿಸಿಕೊಂಡು ಕೀಲಿ ಕೊಟ್ಟು ಬಂದರೆ ಕೆಲಸ ಮುಗಿಯಲಿಲ್ಲ. 29 ಮತ್ತು 30ನೆಯ ನಮೂನೆ ತುಂಬಿ ಆರ್.ಟಿ.ಓ.ದಲ್ಲಿ ಹೆಸರು ಬದಲಾಗುವ ತನಕ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು. ಆ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. "ಗುರುತಿನವ್ರೇ ಬಿಡ್ರಿ, ಆಮೇಲೆ ಮಾಡ್ಸಿದ್ರಾತು" ಎಂಬ ದಾಕ್ಷಿಣ್ಯ ಇಲ್ಲಿ ಬೇಡ. ಕೊಂಡವನೂ ಹದಿನಾಲ್ಕು ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಲು ಬರೆದುಕೊಡಬೇಕು. ಇಲ್ಲವಾದರೆ ತನ್ನ ಕಾರಿಗಾದ ಪೆಟ್ಟಿಗೆ ಕಾಸು ಹುಟ್ಟುವುದು ಕಷ್ಟ.

ಇಷ್ಟೆಲ್ಲವನ್ನೂ ಒಬ್ಬೊಬ್ಬನೇ ಮಾಡಿಕೊಳ್ಳಬೇಕೆಂದರೆ ಕಷ್ಟವೇ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದು ರೈತ ಬಡ್ಡಿಯವನ ಬಾಗಿಲಿಗೆ ಹೋಗದಿರಲಿ ಎಂದು. ನಮ್ಮ ನೌಕರರ ಸೊಸೈಟಿಗಳೂ ವರ್ತಕರ ಪತ್ತಿನ ಸಂಘಗಳೂ ಇಂದು ಏನು ಮಾಡುತ್ತಿವೆ? ಬಂಗಾರದ ಮೇಲೆ ಸಾಲ, ಮದುವೆಗೆ ಸಾಲ, ನಿರ್ದೇಶಕರ ನೆಂಟರಿಗೆ ಸಾಲ. ಎರಡು ಮೂರು ವರ್ಷದಲ್ಲಿ ತೀರುವಂಥ ಲಕ್ಷ, ಒಂದೂವರೆ ಲಕ್ಷದ ಹಳೆಗಾಡಿ ಸಾಲವನ್ನು ಇಳಿಯುವ ಅಸಲಿನ ಬಡ್ಡಿಯಲ್ಲಿ ಅವು ಏಕೆ ಕೊಡಬಾರದು? ಮುಷ್ಕರ, ಲೇಆಫ್ ಆದ ತಿಂಗಳ ಕಂತನ್ನು ದಂಡವಿಲ್ಲದೆ ಮುಂದಕ್ಕೆ ಹಾಕುವ ನಿಯಮವನ್ನು ಬ್ಯಾಂಕು ಮಾಡಲಾರದು. ಸದಸ್ಯರೇ ಮಾಲೀಕರಾದ ಸೊಸೈಟಿ ಮಾಡಬಲ್ಲದು. ಸರ್ಕಾರಿ ಐ.ಟಿ.ಐ.ಗಳಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗಗಳಿವೆ. ಹಳೆಯ ಗಾಡಿಯನ್ನು ಅಲ್ಲಿ ಪರೀಕ್ಷಿಸಿ, ಸಣ್ಣ ಶುಲ್ಕ ಪಡೆದು, ಇಂಜಿನ್ ಹೀಗಿದೆ, ಬ್ರೇಕು ಹೀಗಿದೆ ಎಂದು ಬರೆದು ಕೊಡುವ ಏರ್ಪಾಡು ಮಾಡಿದರೆ ಹುಡುಗರಿಗೂ ಕೈಕೆಲಸ ಬಂತು, ಕೊಳ್ಳುವವನಿಗೂ ದಲ್ಲಾಳಿಯ ಹಂಗು ತಪ್ಪಿತು. ಜಿಲ್ಲಾ ಆಡಳಿತ ಮನಸ್ಸು ಮಾಡಿದರೆ ಇದಕ್ಕೆ ದೊಡ್ಡ ಖರ್ಚಿಲ್ಲ.

ಸಹಕಾರ ಕಾಯಿದೆಯ ಪ್ರಕಾರ ಸೊಸೈಟಿಗಳ ವಾರ್ಷಿಕ ಮಹಾಸಭೆ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ನಡೆಯತಕ್ಕದ್ದು. ಅಲ್ಲಿ ಉಪ್ಪಿಟ್ಟು ಕಾಫಿ ಮುಗಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಬರುವುದು ನಮ್ಮವರ ರೂಢಿ. ಈ ಸಲ ಹಳೆಗಾಡಿ ಸಾಲದ ನಿರ್ಣಯವನ್ನು ಬರೆದುಕೊಂಡು ಹೋಗಿ. ಕರಡು ಬೇಕಾದವರು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬಂದರೆ ಬರೆದು ಕೊಡುತ್ತೇವೆ. ಯಾವ ಸೊಸೈಟಿಯ ಯಾವ ನಿರ್ದೇಶಕರು ಅದಕ್ಕೆ ಏನು ಉತ್ತರ ಕೊಟ್ಟರು ಎಂಬುದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.